ಹೂತ ವಿಮಾನ ಎತ್ತುವ ಟಿಂಕರಕ್ಕ

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಮೀನು ಸಾಕಲೆಂದು ತೋಡಿದ ಹೊಂಡದ ತಳದಲ್ಲಿ ಒಬ್ಬ ಹೆಂಗಸು ಬೋರಲು ಮಲಗಿ, ಅಡುಗೆಮನೆಯ ಮರದ ಸೌಟಿನಿಂದ ಕೆಸರು ಕೆರೆಯುತ್ತಿದ್ದಾರೆ. ಕೆಸರಿನೊಳಗೆ ಇರುವುದು ಯುದ್ಧವಿಮಾನ! ಅದೂ ಅವರ ಅಪ್ಪ ಹುಟ್ಟುವ ಮೊದಲೇ ಹಾರಾಡಿದ್ದು. ಯುದ್ಧ ಮುಗಿದ ಮೇಲೆ ಹಿಂದಕ್ಕೆ ಸಾಗಿಸುವುದಕ್ಕಿಂತ ಹೂಳುವುದೇ ಸುಲಭವೆಂದು ಯಾರೋ ಇಲ್ಲೇ ಗುಂಡಿ ತೋಡಿ, ಮಣ್ಣೆಳೆದು ಕೈತೊಳೆದುಕೊಂಡಿದ್ದರು. “ಸಲಾಕೆ ಗಿಲಾಕೆ ತಂದೋರನ್ನ ಇಲ್ಲಿಂದ ಓಡಿಸ್ತೀನಿ,” ಎನ್ನುತ್ತಾರೆ ಅವರು, ತಲೆ ಎತ್ತದೆಯೇ. “ಈ ತಗಡು ಒಣಗಿದ ಎಲೆ ಇದ್ದ ಹಾಗೆ. ಗಟ್ಟಿಯಾಗಿ ಒತ್ತಿದ್ರೆ ತೂತು.”

ಬೀದಿಯವರಿಗೆಲ್ಲ ಇವರು ಟಿಂಕರಕ್ಕ. ಗುದ್ದಿಸಿಕೊಂಡು ಬಂದ ಕಾರುಗಳ ಮೈಯನ್ನು ಗುರುತೂ ಕಾಣದ ಹಾಗೆ ತಟ್ಟಿ ನೆಟ್ಟಗೆ ಮಾಡುವುದು ಅಪ್ಪನಿಂದ ಬಂದ ಕಸುಬು. ಶೆಡ್ಡಿನ ಒಂದು ಗೋಡೆಯ ತುಂಬ ಸುತ್ತಿಗೆಗಳು, ಇನ್ನೊಂದಕ್ಕೆ ಒರಗಿಸಿದ ಕಾರಿನ ಬಾಗಿಲುಗಳು, ನಡುವೆ ಊಟದ ಮೇಜು. ಕೆಲವು ವರ್ಷಗಳ ಹಿಂದೆ ಗುಜರಿಯವನೊಬ್ಬ ಹಳೆಯ ವಿಮಾನದ ಬಾಲವೊಂದನ್ನು ತಂದು ಹಾಕಿದ. ಅಂದು ಹಿಡಿದ ಹುಚ್ಚು ಇನ್ನೂ ಬಿಟ್ಟಿಲ್ಲ. “ಅಮ್ಮ ಬೈದಿದ್ದೇ ಬೈದಿದ್ದು. ಓಡೋ ಕಾರು ಬಾಗಿಲಲ್ಲಿ ಕಾಯ್ತಿದ್ರೆ, ನೀನು ಹಾರದೇ ಇರೋದನ್ನ ತಟ್ತಾ ಕೂತಿದ್ದೀಯಲ್ಲೇ ಅಂತ!” ಎಂದು ಹೇಳುವಾಗ ಅವರಿಗೇ ನಗು ತಡೆಯುವುದಿಲ್ಲ.

ಆ ಬಾಲ ಉಳಿಯಲಿಲ್ಲ. ಕಾರು ತೊಳೆದ ಕೈ ನೋಡಿ, ಅದೇ ಅಭ್ಯಾಸದಲ್ಲಿ ಫಳಫಳನೆ ತೊಳೆದು ಬಿಸಿಲಿಗೆ ಇಟ್ಟರು. ತಗಡಿನ ಮೈಮೇಲೆ ಸುಣ್ಣದಂಥ ಪುಡಿ ಎದ್ದಿತು. ವಾರದೊಳಗೆ ಬೆರಳು ತಾಗಿದಲ್ಲೆಲ್ಲ ಉದುರತೊಡಗಿತು. “ಬೀದಿಯವರನ್ನೆಲ್ಲ ಕರೆದು, ನೋಡ್ರಿ ಹೆಂಗೆ ಹೊಳೀತಿದೆ ಅಂತ ತೋರಿಸಿದ್ದೆ. ಆಮೇಲೆ ಮುಖ ಎಲ್ಲಿಟ್ಕೊಳ್ಲಿ?” ಅಂದಿನಿಂದ, ಮಣ್ಣಿನಿಂದ ಎದ್ದು ಬಂದ ತಗಡಿಗೆ ಮೊದಲು ಒದ್ದೆ ಗೋಣಿತಾಟಿನ ಹೊದಿಕೆ. ತೇವ ಒಂದೇ ಸಲ ಆರಬಾರದು. ದಿನಕ್ಕೆ ಒಂದು ಮೊಳ ತಗಡು ಬಿಡಿಸಿಕೊಂಡರೆ ಅದೇ ದೊಡ್ಡ ಕೆಲಸ.

ಈ ವಿಮಾನಕ್ಕಾಗಿ ಕಿತ್ತಾಡಿದವರು ಇಬ್ಬರು. ನೆಲ ನನ್ನದು, ಒಳಗಿದ್ದದ್ದೂ ನನ್ನದೇ ಎಂದರು ಹೊಂಡ ತೋಡಿಸಿದ ಯಜಮಾನರು. ಹೂತಿಟ್ಟ ಮಾತ್ರಕ್ಕೆ ಬಿಟ್ಟುಕೊಟ್ಟೆವೆಂದಲ್ಲ ಎಂದಿತು ರಕ್ಷಣಾ ಇಲಾಖೆ. ಕೋರ್ಟಿಗೆ ಅಲೆದು ಸಾಕಾದ ಮೇಲೆ ರಾಜಿಯಾಗಿದೆ. ವಿಮಾನದ ಒಡಲು ಇಡಿಯಾಗಿ ಮೇಲೆ ಬಂದರೆ ಇಬ್ಬರಿಗೂ ಸೇರಿದ್ದು. ಟಿಂಕರಕ್ಕನ ಶೆಡ್ಡಿನಲ್ಲಿ ರಿಪೇರಿಯಾಗಿ ಪ್ರದರ್ಶನಕ್ಕೆ ನಿಲ್ಲಬೇಕು. ಮುರಿದರೆ ಪಾಲು. ಅವರವರ ತುಂಡು ಅವರವರಿಗೆ, ಬೇಕಾದರೆ ಮಾರಿಕೊಳ್ಳಬಹುದು. ರೆಕ್ಕೆಗಳನ್ನು ಆಗಲೇ ಬಿಚ್ಚಿ ಸಾಗಿಸಿದ್ದಾರೆ. ಇವತ್ತು ಒಡಲಿನ ಸರದಿ. “ಪಾಲು ಮಾಡೋಕೆ ಇದೇನು ಸೈಟಾ?” ಎಂದು ಗೊಣಗುತ್ತಾ ಟಿಂಕರಕ್ಕ ಸೌಟು ಕೆಳಗಿಡುತ್ತಾರೆ.

ಕ್ರೇನಿನಲ್ಲಿ ಕೂತಿರುವುದು ಅವರ ತಮ್ಮ. ಒಡಲಿನಡಿ ತೂರಿಸಿದ ಅಗಲವಾದ ಪಟ್ಟಿಗಳು ಬಿಗಿಯಾಗುತ್ತವೆ. ಜಪ್ಪಯ್ಯ ಅಂದರೂ ವಿಮಾನ ಅಲುಗುವುದಿಲ್ಲ. ತಮ್ಮ ಇನ್ನಷ್ಟು ಎಳೆದದ್ದೇ ತಡ, ಟಕ್ಕೆಂದು ತಗಡು ಹಿಡಿದಿದ್ದ ಒಂದು ರಿವಿಟು ಹಾರುತ್ತದೆ.

“ನಿಲ್ಸೋ! ನಿಲ್ಸು ಅಂದ್ನಲ್ಲ!” ಟಿಂಕರಕ್ಕನ ಕೂಗಿಗೆ ಕ್ರೇನು ನಿಲ್ಲುತ್ತದೆ. “ಕೆಸರು ಹೀರಿ ಹಿಡ್ಕೊಂಡಿದೆ ಕಣೋ. ಎಳೆದಾಡಿದ್ರೆ ಎರಡು ತುಂಡಾಗುತ್ತೆ.”

ಮಂಡಿಯೂರಿ, ರಬ್ಬರ್ ಪೈಪನ್ನು ಒಡಲಿನ ಅಡಿಗೆ ತೂರಿಸಿ ನೀರು ಬಿಡುತ್ತಾರೆ. ಮೇಲೆ ನಿಂತ ಯಜಮಾನರಿಗೆ ಕಸಿವಿಸಿ. “ಏನಮ್ಮ, ಎತ್ತು ಅಂತ ಕರೆದ್ರೆ ಮುಳುಗಿಸ್ತಿದ್ದೀಯಲ್ಲ?”

“ಸ್ವಲ್ಪ ತಡೀರಿ ಯಜಮಾನ್ರೇ, ಹಿಡಿತ ಸಡಿಲ ಆಗ್ಲಿ.”

ಮಾತಿನಲ್ಲಿ ಧೈರ್ಯವೇನೋ ಇದೆ, ಕಣ್ಣು ಮಾತ್ರ ರಿವಿಟು ಹಾರಿದ ಜಾಗ ಬಿಟ್ಟು ಕದಲುವುದಿಲ್ಲ. ಇಲ್ಲಿ ಮುರಿದರೆ ಇಷ್ಟು ದಿನದ ಕೆಲಸವೆಲ್ಲ ನೀರುಪಾಲು. ಕಡೆಗೆ ಗುಳುಕ್ಕೆಂದು ದೊಡ್ಡದೊಂದು ಗುಳ್ಳೆ ಏಳುತ್ತದೆ.

“ಈಗ! ಮೆಲ್ಲಗೆ ಕಣೋ, ಮೆಲ್ಲಗೆ!”

ಮೊದಲು ಮೂಗು, ಆಮೇಲೆ ಪೈಲಟ್ ಕೂರುವ ಗೂಡು, ಕೊನೆಗೆ ಬಾಲ. ಧಾರಾಕಾರವಾಗಿ ಕೆಸರು ಸುರಿಸುತ್ತಾ ಒಡಲು ಇಡಿಯಾಗಿ ಮೇಲೇಳುತ್ತದೆ! ಯಾರೋ ಜೋರಾಗಿ ಸಿಳ್ಳೆ ಹಾಕುತ್ತಾರೆ. ತಿರುಗಿ ನೋಡಿದರೆ ಇಲಾಖೆಯ ಅಧಿಕಾರಿ! ಯಜಮಾನರೂ ಬಿಳಿ ಅಂಗಿಯಲ್ಲೇ ಕೆಸರಿಗಿಳಿದು, “ನೋಡ್ರೋ, ನಮ್ಮ ವಿಮಾನ!” ಎಂದು ಕುಣಿಯುತ್ತಿದ್ದಾರೆ. ತುಂಡು ಮಾರುವ ಮಾತು ಅವರಿಗೆ ಮರೆತೇ ಹೋದಂತಿದೆ. ಟಿಂಕರಕ್ಕನಿಗೆ ಖುಷಿಯಲ್ಲಿ ಅಳು ಬರುತ್ತಿದೆ. ಅದನ್ನು ಮರೆಮಾಚುವ ಗೊಡವೆಗೂ ಹೋಗದೆ ಗೋಣಿತಾಟು ಹೊದಿಸುತ್ತಿದ್ದಾರೆ.

ಅಧಿಕಾರಿ ಹತ್ತಿರ ಬಂದು, “ಪ್ರದರ್ಶನಕ್ಕಿಟ್ಟಾಗ ನಿಮ್ಮ ಹೆಸರಿನ ಬೋರ್ಡು ಹಾಕಿಸ್ಬೇಕಮ್ಮ. ಎಲ್ಲಿ ಹಾಕ್ಸೋಣ ಹೇಳಿ,” ಎನ್ನುತ್ತಾರೆ.

ಟಿಂಕರಕ್ಕ ಕೆಸರುಗೈಯಲ್ಲೇ ಕಣ್ಣೊರೆಸಿಕೊಳ್ಳುತ್ತಾರೆ. “ರಿಪೇರಿ ಮುಗೀಲಿ ಸಾರ್. ಆಮೇಲೆ ಬಂದು, ನಾನು ತಟ್ಟಿದ ಜಾಗ ಯಾವುದು ಅಂತ ಹುಡುಕಿ. ಸಿಕ್ಕಿದ್ರೆ ಅಲ್ಲೇ ಹಾಕ್ಸಿ.”