ಮಾಪಣ್ಣನ ಮೂವತ್ತೈದು

ಟಣ್, ಟಣ್, ಟಣ್. ಮುಂಬೈ ಹತ್ತಿರದ ಶಹಾಡ್ ಸ್ಟೇಶನ್ ಹಿಂದಿನ ಚಾಳಿನ ಸಾಲುಮನೆಗಳಿಗೆ ಈ ಸದ್ದಿನಿಂದಲೇ ಬೆಳಗಾಗುತ್ತದೆ. ಪಕ್ಕದ ಶೆಡ್ಡಿನಲ್ಲಿ ಹುಲಗಪ್ಪ ಹೊಸ ಬೆಸುಗೆಯ ಮೇಲಿನ ಕಿಟ್ಟವನ್ನು ಬಡಿದು ತೆಗೆಯುತ್ತಿರುತ್ತಾನೆ. ೨೦೧೩ರ ಆ ಮೂರು ತಿಂಗಳು ಮಾಪಣ್ಣ ಹಾಸಿಗೆಯಲ್ಲಿ ಕೂತು ಅದನ್ನು ಕೇಳುತ್ತ, "ಕೈ ಹಗುರಿಲ್ಲ ಮಗಂದು" ಎಂದು ಬೈಯುತ್ತಿದ್ದ. ಅದಕ್ಕೆ ಮೊದಲು ಹದಿನೆಂಟು ವರ್ಷ ಆ ಸುತ್ತಿಗೆ ಮಾಪಣ್ಣನದೇ ಆಗಿತ್ತು.

ಕಲಬುರಗಿ ಕಡೆಯಿಂದ ಬಂದು ವೆಲ್ಡರ್ ಆದವನಿಗೆ ಹೃದಯಾಘಾತವಾಗಿ, ಕಲ್ಯಾಣದ ಆಸ್ಪತ್ರೆಯೊಂದರಲ್ಲಿ ಸ್ಟೆಂಟ್ ಹಾಕಿದ್ದರು. ಹೃದಯ ಪ್ರತಿ ಬಡಿತಕ್ಕೆ ತನ್ನಲ್ಲಿ ತುಂಬಿದ ರಕ್ತದ ನೂರಕ್ಕೆ ಇಪ್ಪತ್ತೆಂಟು ಪಾಲು ಮಾತ್ರ ಹೊರಗೆ ತಳ್ಳುತ್ತಿತ್ತು. ಮೂರು ತಿಂಗಳು ಮಾತ್ರೆ ತಿಂದು ಮತ್ತೆ ಹೃದಯದ ಎಕೋ ಸ್ಕ್ಯಾನ್ ಮಾಡಿಸಬೇಕು. ಆಗಲೂ ಮೂವತ್ತೈದು ದಾಟದಿದ್ದರೆ ಎದೆಯ ಚರ್ಮದಡಿ ಒಂದು ಯಂತ್ರ ಕೂರಿಸುವುದು, ಬಡಿತ ಹಾದಿ ತಪ್ಪಿದರೆ ಅದು ಶಾಕ್ ಕೊಟ್ಟು ಉಳಿಸುತ್ತದೆ ಎಂದರು ಡಾಕ್ಟರು. ಆದರೆ ಆ ಯಂತ್ರಕ್ಕೂ ವೆಲ್ಡಿಂಗಿನ ಕರೆಂಟಿಗೂ ಆಗಿಬರುವುದಿಲ್ಲ. ಕೆಲಸ ಬಿಡಬೇಕು.

ಮಾಪಣ್ಣನಿಗೆ ಕೇಳಿಸಿದ್ದು ಆ ಕೊನೆಯ ಮಾತೊಂದೇ. ಹತ್ತನೆಯ ತರಗತಿಯ ಗಣಿತದಲ್ಲಿ ಎರಡು ಸಲ ಮೂವತ್ತೈದರ ಹೊಸ್ತಿಲಲ್ಲೇ ಎಡವಿದವನು, ಈ ಸಲ ಪಾಸಾಗಿಯೇ ತೀರುವ ಹಟ ಹಿಡಿದ.

"ಸುಮ್ನ ಆ ಮಷೀನ್ ಕೂಡಿಸ್ಕೋರಿ" ಎಂದಳು ಹೆಂಡತಿ ಚಂದ್ರಬಾಯಿ.

"ಎದ್ಯಾಗ ಮೀಟರ್ ಇಟ್ಕೊಂಡು, ನಿನ್ನ ಜೋಡಿ ಸೀರಿಯಲ್ ನೋಡ್ಕೋತ ಕುಂದರ್ಲೇನು?"

"ನೋಡ್ರಿ. ನೀವು ಇದ್ರ ಸಾಕು. ಅತ್ತಿ ಪಾತ್ರ ಬಂದಾಗ ಕಣ್ ಮುಚ್ಕೋರಿ."

ಎಕೋ ದಿನ ಚಂದ್ರಬಾಯಿ ಲಿಫ್ಟಿನಲ್ಲಿ ಮೂರನೆಯ ಮಹಡಿಗೆ ಹೋದಳು. ಮಾಪಣ್ಣ ಕಾಲು ಗಂಟೆ ತಡವಾಗಿ, ಬೆವರಿನಲ್ಲಿ ಮಿಂದು ಬಂದ. ಅವನ ನಾಡಿ ನೋಡಿದ ನರ್ಸಮ್ಮ ಬೆಚ್ಚಿ ಮಲಗಿಸಿದಳು.

"ಎಲ್ಲಿ ಹೋಗಿದ್ರಿ?" ಎಂದಳು ಚಂದ್ರಬಾಯಿ.

"ಮೆಟ್ಟಲಾ ಎರಡು ಸಲ ಹತ್ತಿ ಇಳದೆ. ಥಂಡಿ ಹಿಡದ ರಾಡ್ ಕಾಸದ ಹಚ್ಚಿದ್ರ ಸಿಡೀತದ, ಬೆಸಗಿ ಕೂಡಂಗಿಲ್ಲ. ಮೂರು ತಿಂಗಳು ಕುಂತ ಎದಿ ಇದು. ಒಂದೀಟು ಕಾಸ್ಕೊಂಡು ಬಂದೆ."

"ನಿಮ್ಮ ತಲಿ ಕಾಸ್ರಿ ಮೊದಲ!"

ವಿಷಯ ತಿಳಿದ ಡಾಕ್ಟರು ಮರಾಠಿಯಲ್ಲಿ ಗದರಿದರು: ಹೀಗೆ ಓಡಾಡಿ ಮೆಟ್ಟಿಲ ಮೇಲೇ ಬಿದ್ದಿದ್ದರೆ ಮಾರ್ಕು ಯಾರಿಗೆ ಕೊಡಬೇಕಿತ್ತು? ಒಂದು ಗಂಟೆ ಮಿಸುಕಾಡದೆ ಮಲಗಿದ ಮೇಲೆ ಎಕೋ ಆಯಿತು. ಕತ್ತಲೆ ಪರದೆಯ ಮೇಲೆ ಅವನ ಹೃದಯ ಪುಟ್ಟ ಮೀನಿನ ಬಾಯಿಯಂತೆ ತೆರೆದು ಮುಚ್ಚುತ್ತಿತ್ತು. ಚಂದ್ರಬಾಯಿ ಅದನ್ನೇ ನೋಡಿದಳು.

ನಲವತ್ತೊಂದು.

ಮೆಟ್ಟಿಲಲ್ಲ, ಮಾತ್ರೆ ಮಾಡಿದ ಕೆಲಸ ಇದು, ಯಂತ್ರ ಬೇಡ ಎಂದರು ಡಾಕ್ಟರು. ಇರಲಿ, ಒಂದು ಹಾಕಿಬಿಡಿ ಎಂದು ಚಂದ್ರಬಾಯಿ ತನಗೆ ಬರುವ ಮರಾಠಿಯಲ್ಲಿ ಬೇಡಿಕೊಂಡಳು. ಬೇಡದವರಿಗೆ ಹಾಕಿದರೆ ಸುಮ್ಮನೆ ಗಾಯ, ಕಾರಣವಿಲ್ಲದ ಶಾಕಿನ ಭಯ ಎಂದು ತಿಳಿಹೇಳಿ, ಮಾತ್ರೆ ಒಂದು ದಿನವೂ ತಪ್ಪಬಾರದು, ಭಾರ ಎತ್ತಬಾರದು ಎಂದು ಅವರು ಬೆರಳು ಮಡಿಸುತ್ತಿದ್ದಂತೆ ಮಾಪಣ್ಣ ಅಂಗಿಯ ಗುಂಡಿ ಹಾಕಿಕೊಂಡು ಎದ್ದ.

"ಚೀಟಿ ನೀ ತಗೊಂಡು ಬಾ ಚಂದ್ರಾ, ನಾ ಹಿಂಗ ಹೋಗಿ ಶೆಡ್ಡಿನ ಶೇಟ್‌ಗ ಹೇಳ್ತೀನಿ, ನಾಳಿಂದ ಅರ್ಧ ದಿನಾನರ" ಎನ್ನುತ್ತಲೇ ಬಾಗಿಲು ದಾಟಿದ.