ಕೇಳಿದರೆ ಮಾತ್ರ ಮಾತಾಡುವ ರಾಜ

ಕೆಮ್ಮು ಬಿಡುತ್ತಿಲ್ಲವೆಂದು ಮೊನ್ನೆ ಮಗಳು ಗಾಂಧಿನಗರದ ಅಂಗಡಿಯಿಂದ ಜ್ಯೇಷ್ಠಮಧುವಿನ ಬೇರು ತಂದುಕೊಟ್ಟಳು. ಒಂದು ತುಂಡನ್ನು ದವಡೆಯಲ್ಲಿಟ್ಟು ಕಚ್ಚಿದೆ. ಮೊದಲು ಮಣ್ಣಿನ ವಾಸನೆ, ಆಮೇಲೆ ನಿಧಾನವಾಗಿ ಗಂಟಲಿಗಿಳಿಯುವ ಒಂದು ಸಿಹಿ... ಆ ಸಿಹಿಯ ಹಿಂದೆಯೇ ಸತ್ಯನಾರಾಯಣಪೇಟೆಯ ನಮ್ಮ ಹಳೆಯ ಮನೆಯ ಮಾಳಿಗೆ ಬಂತು. ಮಾಳಿಗೆಯ ಮೇಲೆ ಗುಡ್ಡಕ್ಕೆ ಮುಖ ಮಾಡಿ ನಿಂತ ಕುರುಗೋಡಿನ ಮಾವ ಬಂದರು.

ಅವರು ನನ್ನ ಅಮ್ಮನ ತಮ್ಮ. ಅದು ಯಾವ ವರ್ಷವೆಂದು ಖಚಿತವಾಗಿ ಹೇಳಲಾರೆ. ನಾನು ಇಂಟರ್‌ಮೀಡಿಯೇಟ್ ಓದುತ್ತಿದ್ದೆ, ಬಳ್ಳಾರಿ ಇನ್ನೂ ಮದರಾಸಿಗೆ ಸೇರಿತ್ತು, ಅಷ್ಟು ನಿಜ. ಮುಂದೆ ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದುವಾಗ, ಕಣ್ಣಾರೆ ಕಂಡವರ ಸಾಕ್ಷ್ಯವನ್ನೂ ಅನುಮಾನದಿಂದಲೇ ನೋಡಬೇಕೆಂದು ಕಲಿಸಿದರು. ಆ ಪಾಠವನ್ನು ನಾನು ಹೆಚ್ಚಾಗಿ ನನ್ನ ನೆನಪಿನ ಮೇಲೆಯೇ ಪ್ರಯೋಗಿಸಿದ್ದೇನೆ. ಮಾವನ ವಿಷಯಕ್ಕೆ ಬಂದಾಗ ಅದೂ ಪೂರ್ತಿ ಕೆಲಸಕ್ಕೆ ಬರುವುದಿಲ್ಲ.

ಊರ ಬಯಲಲ್ಲಿ ಆಡುವ ದೊಡ್ಡಾಟದಲ್ಲಿ ರಾಜನ ವೇಷವೆಂದರೆ ಕುರುಗೋಡಿನ ಸುತ್ತಮುತ್ತ ಅವರದೇ ಎನ್ನುವಂತಿತ್ತು. ಆದರೆ ಆಟ ನಡೆಯುತ್ತಿದ್ದುದು ವರ್ಷಕ್ಕೆ ಒಂದೋ ಎರಡೋ. ಉಳಿದ ದಿನಗಳಲ್ಲಿ ಅವರು ಅಣ್ಣಂದಿರ ಹೊಲದಲ್ಲಿದ್ದರೂ ಮನಸ್ಸು ಅಲ್ಲಿರುತ್ತಿರಲಿಲ್ಲ. ಆ ಸಲ ಬಳ್ಳಾರಿಯಲ್ಲಿ ಬಿಡಾರ ಹೂಡಿದ್ದ ನಾಟಕ ಕಂಪನಿಯೊಂದು ನಟರು ಬೇಕೆಂದು ಗೋಡೆಗಳಿಗೆಲ್ಲ ಕಾಗದ ಹಚ್ಚಿಸಿತ್ತು. ಯಾರು ಬೇಕಾದರೂ ಬರಬಹುದು, ಭಾನುವಾರ ಬೆಳಿಗ್ಗೆ ರಂಗದ ಮೇಲೆ ನಿಂತು ಒಂದು ಪಾತ್ರ ಮಾಡಿ ತೋರಿಸಬೇಕು. ಮಾವ ತಮ್ಮ ಮನೆಯವರಿಗೆ ಮಾತು ಕೊಟ್ಟು ನಮ್ಮಲ್ಲಿಗೆ ಬಂದಿದ್ದರು. ಆರಿಸಿಕೊಂಡರೆ ಕಂಪನಿಯ ಜೊತೆ ಊರೂರು ತಿರುಗುವುದು; ಇಲ್ಲವಾದರೆ ಬಣ್ಣದ ಆಸೆಯನ್ನೇ ಬಿಟ್ಟು, ಸಿರುಗುಪ್ಪದ ಹತ್ತಿರ ಕರೂರಿನಲ್ಲಿದ್ದ ಹೆಂಡತಿಯ ತವರಿಗೆ ಹೋಗಿ ಅವರ ಭತ್ತದ ಗದ್ದೆ ನೋಡಿಕೊಳ್ಳುವುದು. ಮನೆಯಳಿಯ ಎಂಬ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಆಡಲಿಲ್ಲ. ಆದರೆ ಎಲ್ಲರಿಗೂ ಅದು ಕೇಳಿಸುತ್ತಿತ್ತು.

ಬೆಳಗಾಗುತ್ತಲೇ ಮೆಣಸು ಹಾಕಿದ ಬಿಸಿ ಹಾಲು ಕುಡಿದು, ಬೇರನ್ನು ದವಡೆಗಿಟ್ಟುಕೊಂಡು ಮಾವ ಮಾಳಿಗೆ ಹತ್ತುತ್ತಿದ್ದರು. ನಾನು ಕಂಪನಿ ನಾಟಕಗಳನ್ನು ನೋಡಿದವಳೆಂಬ ಧೈರ್ಯದ ಮೇಲೆ ಅವರಿಗೆ ಗುರುವಾಗಿದ್ದೆ. ಅದು ಬಯಲಲ್ಲ, ತಗಡಿನ ಥಿಯೇಟರು, ಅಷ್ಟು ಕೂಗಬೇಡಿ ಎನ್ನುತ್ತಿದ್ದೆ. ಹೆಗಲ ಮೇಲಿನ ಟವೆಲು ತೆಗೆದಿಡಿ, ಕರೆಯುವವರೆಗೆ ಏಳಬೇಡಿ, ಇಂಥದ್ದೇ ಪಾತ್ರ ಕೊಡಿ ಎಂದು ಕೇಳಬೇಡಿ, ಬೇರೆಯವರು ತಪ್ಪಿದರೆ ನಗಬೇಡಿ... ಅವರು ಎಲ್ಲಕ್ಕೂ ತಲೆಯಾಡಿಸಿ, ಆಮೇಲೆ ಗುಡ್ಡಕ್ಕೆ ಕೇಳಿಸುವಂತೆ ಅಬ್ಬರಿಸುತ್ತಿದ್ದರು. ಪಕ್ಕದ ಮಾಳಿಗೆಯಲ್ಲಿ ಹಪ್ಪಳ ಒಣಗಿಸುತ್ತಿದ್ದ ತೆಲುಗು ಅಜ್ಜಿ, ಯುದ್ಧ ಮುಗಿದ ಮೇಲೆ ಹೇಳಿಕಳಿಸಿ, ಕಾಗೆಗಳು ತಿರುಗಿ ಬರುತ್ತವೆ, ಹಪ್ಪಳ ಕಾಯಬೇಕಲ್ಲ ಎನ್ನುತ್ತಿದ್ದಳು. ಮಾವನ ಕುಣಿತಕ್ಕೆ ಮಾಳಿಗೆಯ ಮಣ್ಣು ಕೆಳಗೆ ಉದುರುತ್ತಿತ್ತು.

“ಲೇ ತಮ್ಮಾ,” ಅಮ್ಮ ಕೆಳಗಿನಿಂದ ಕೂಗುತ್ತಿದ್ದಳು, “ಮಣ್ಣು ಸಾರಿನಾಗ ಬೀಳಾಕ ಹತ್ತೈತಿ. ಇವತ್ತು ಆ ಸಾರು ರಾಜರಿಗೇ ಬಡಸ್ತೀನಿ.”

ಭಾನುವಾರ ಅಣ್ಣನನ್ನು ಜೊತೆ ಮಾಡಿಕೊಂಡು ನಾನೂ ಹೋದೆ. ಹಗಲಿನಲ್ಲಿ ಥಿಯೇಟರನ್ನು ನೋಡಿದ್ದು ಅದೇ ಮೊದಲು. ಸುತ್ತಿಟ್ಟ ಪರದೆಗಳಲ್ಲಿ ಅರಮನೆಯ ಒಂದು ಕಂಬ, ಕಾಡಿನ ಒಂದು ಕೊಂಬೆ ಹೊರಗೆ ಉಳಿದಿದ್ದವು. ತಗಡಿನ ತೂತುಗಳಿಂದ ಇಳಿದ ಬಿಸಿಲಿನಲ್ಲಿ ಧೂಳು ತೇಲುತ್ತಿತ್ತು, ಯಾರೋ ನಿದ್ದೆಯಲ್ಲಿ ಉಸಿರಾಡಿದಂತೆ. ಕಂಪನಿಯ ಯಜಮಾನರು ಮುಂದೆ ಬೆತ್ತದ ಕುರ್ಚಿಯಲ್ಲಿದ್ದರು. ಪಕ್ಕದಲ್ಲಿ ಹಾರ್ಮೋನಿಯಂ ಮಾಸ್ತರು. ಬಂದವರೆಲ್ಲ ಬೆಂಚುಗಳ ಮೇಲೆ ಕುಳಿತಿದ್ದರು. ಸಿರುಗುಪ್ಪದಿಂದ ಬಂದಿದ್ದ ಒಬ್ಬಾತ ಹಾಡಲು ನಿಂತವನು ಕೆಮ್ಮಿ ಕೆಮ್ಮಿ ಪದ ಮರೆತ. ಎಲ್ಲರೂ ನಕ್ಕರು. ಮಾವ ನಗಲಿಲ್ಲ. ತಮ್ಮ ಬೇರನ್ನು ಮುರಿದು ಅರ್ಧ ಅವನ ಕೈಗಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಅವಕಾಶ ಕೇಳಿಕೋ ಎಂದರು. ಅವನು ಎರಡನೆಯ ಸಲ ಚೆನ್ನಾಗಿಯೇ ಹಾಡಿದ.

ಆಮೇಲೆ ಮಾವನನ್ನು ಕರೆದರು. ಟವೆಲನ್ನು ಬೆಂಚಿನ ಮೇಲಿಟ್ಟರು. ರಂಗದ ಹಲಗೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ನಾಲ್ಕು ಹೆಜ್ಜೆ ಕುಣಿದು, ಎದೆಯುಬ್ಬಿಸಿ ನಿಂತರು.

ನಿಂತೇ ಇದ್ದರು.

“ಹೂಂ, ಹೇಳ್ರಿ,” ಎಂದರು ಯಜಮಾನರು.

“ಕೇಳ್ರಿ,” ಎಂದರು ಮಾವ.

“ಕೇಳಾಕ ಏನೈತಿ? ಹೇಳಬೇಕಾದೋರು ನೀವು.”

ಬೆಂಚಿನಲ್ಲಿ ನಗೆ ಎದ್ದಿತು. ಮಾತು ಮರೆತಾನ ಪಾಪ, ಎಂದ ಯಾರೋ. ನನಗೆ ಮಾತ್ರ ತಟ್ಟನೆ ತಿಳಿಯಿತು. ದೊಡ್ಡಾಟದಲ್ಲಿ ರಾಜ ತಾನಾಗಿ ತನ್ನ ಹೆಸರು ಹೇಳುವುದಿಲ್ಲ. ಕುಣಿದು ಬಂದು ನಿಲ್ಲುತ್ತಾನೆ. ಆಟ ನಡೆಸುವ ಸಾರಥಿ ಎದುರಿಗೆ ಬಂದು, ತಾವು ಯಾರು, ಯಾವ ಊರಿನ ದೊರೆಗಳು ಎಂದು ಕೇಳಬೇಕು. ಆಮೇಲೇ ರಾಜನ ಬಾಯಿ ತೆರೆಯುವುದು. ಕೇಳದೆ ಹೇಳಿಕೊಳ್ಳುವವನು ಎಂಥ ರಾಜ? ಅಷ್ಟು ದಿನ ಮಾಳಿಗೆಯ ಮೇಲೆ ಆ ಪ್ರಶ್ನೆಯನ್ನು ಅವರ ಮನಸ್ಸೇ ಕೇಳಿಕೊಂಡಿತ್ತು. ಇಲ್ಲಿ ನಿಜವಾದ ರಂಗ, ಎದುರಿಗೆ ನಿಜವಾದ ಜನ. ಯಾರಾದರೂ ಕೇಳಿಯೇ ಕೇಳುತ್ತಾರೆಂದು ಅವರು ಕಾಯುತ್ತಿದ್ದರು.

ಮುಂದೆ ಆದದ್ದರ ಬಗ್ಗೆ ನನಗೆ ಖಾತ್ರಿಯಿಲ್ಲ. ನಾನೇ ಎದ್ದು ನಿಂತು, “ತಾವು ಯಾರು? ಯಾವ ಊರಿನ ದೊರೆಗಳು?” ಎಂದು ಕೇಳಿದೆನೆಂದು ನನ್ನ ನೆನಪು. ಕೇಳಿದವರು ಹಾರ್ಮೋನಿಯಂ ಮಾಸ್ತರು, ನೀನು ಎದ್ದೇ ಇರಲಿಲ್ಲ ಎಂದು ಅಣ್ಣ ಕೊನೆಯವರೆಗೂ ಹೇಳುತ್ತಿದ್ದ. ಅವನೀಗ ಇಲ್ಲ... ವಾದ ಹಾಗೆಯೇ ಉಳಿದಿದೆ. ಪ್ರಶ್ನೆ ಬಂದದ್ದಂತೂ ನಿಜ. ಮಾವನ ಮುಖಕ್ಕೆ ಬಣ್ಣವಿಲ್ಲದೆಯೇ ಬಣ್ಣ ಏರಿತು. ಅವರ ದನಿ ತಗಡನ್ನು ಗುಂಯ್ ಎನ್ನಿಸಿತು. ಸುತ್ತಿಟ್ಟ ಪರದೆಗಳೊಳಗಿನ ಅರಮನೆ, ಕಾಡುಗಳೆಲ್ಲ ಎದ್ದು ಕೇಳುತ್ತಿರುವಂತೆ ನನಗೆ ಅನಿಸಿತು.

ಯಜಮಾನರು ಕುರ್ಚಿಯಿಂದ ಮುಂದೆ ಬಾಗಿದ್ದರು. ಇಂಥ ದನಿ ನಮ್ಮ ಕಂಪನಿಯಲ್ಲಿ ಇಲ್ಲ ಎಂದರು. ಆದರೆ ನಮ್ಮಲ್ಲಿ ಸಾರಥಿ ಇರುವುದಿಲ್ಲ, ಪರದೆ ಎದ್ದ ಕೂಡಲೇ ತಾನಾಗಿ ಮಾತು ಶುರು ಮಾಡಬೇಕು, ಅದನ್ನೇ ಇನ್ನೊಮ್ಮೆ ಹಾಗೆ ಹೇಳಿ ಎಂದರು. ಮಾವ ಪ್ರಯತ್ನಿಸಿದರು. ಅದೇ ಮಾತು, ಆದರೆ ಖಾಲಿ ಮನೆಯೊಳಗೆ ನಿಂತು ಯಾರನ್ನೋ ಕರೆದಂತೆ ಇತ್ತು. ಅರ್ಧಕ್ಕೇ ನಿಲ್ಲಿಸಿದರು.

“ಯಾರೂ ಕೇಳಲಾರದ ಹೇಳಾಕ ನನಗ ಬರಂಗಿಲ್ರಿ,” ಎಂದರು. ಬೇಸರದಿಂದಲ್ಲ, ತಮಗೇ ಈಗ ತಿಳಿದ ಒಂದು ಸಂಗತಿಯನ್ನು ಹೇಳುವಂತೆ. ಕೈಮುಗಿದು, ಹಲಗೆಯನ್ನು ಮತ್ತೆ ಮುಟ್ಟಿ ಇಳಿದು ಬಂದರು. ಟವೆಲು ಹೆಗಲಿಗೇರಿತು. ಸಿರುಗುಪ್ಪದವನನ್ನು ಆರಿಸಿಕೊಂಡರೆಂದು ತಿಳಿದಾಗ ಅವನ ಬೆನ್ನು ತಟ್ಟಿ, ಉಳಿದರ್ಧ ಬೇರನ್ನೂ ಕೊಟ್ಟರು.

ಅವರು ಕರೂರಿಗೆ ಹೋದರು. ಒಮ್ಮೆ ರಜೆಯಲ್ಲಿ ನಾನು ಅಲ್ಲಿಗೆ ಹೋಗಿದ್ದೆ. ನೀರು ನಿಂತ ಗದ್ದೆಯ ಬದುವಿನ ಮೇಲೆ ನನ್ನನ್ನು ರಸ್ತೆಯವರೆಗೆ ಕಳಿಸಲು ಬಂದರು. ಬಸ್ಸು ದೂರದಲ್ಲಿ ಧೂಳೆಬ್ಬಿಸುತ್ತಿತ್ತು. ನನಗೇನನಿಸಿತೋ, ಸಾರಥಿಯ ದನಿಯಲ್ಲಿ, ತಾವು ಯಾರು, ಯಾವ ಊರಿನ ದೊರೆಗಳು ಎಂದು ಕೇಳಿದೆ. ಅವರ ಹೆಗಲು ಒಮ್ಮೆ ನೆಟ್ಟಗಾಯಿತು. ಗದ್ದೆಯ ಕಡೆ ನೋಡಿದರು. ನಾನು ಕಾದೆ.

“ಕರೂರಿನ ಅಳಿಯಾ ಅದೀನವ್ವಾ,” ಎಂದರು. “ಬಸ್ಸು ಬಂತು ನೋಡು, ಹತ್ತು.”

ಈ ಸಲ ಕೇಳಿದವಳು ನಾನೇ. ಅದರಲ್ಲಿ ನನಗೆ ಅನುಮಾನವಿಲ್ಲ.

ಮಾವ ಹೋಗಿ ಎಷ್ಟೋ ಕಾಲವಾಯಿತು. ನಮ್ಮ ಮಾಳಿಗೆಯೂ ಇಲ್ಲ, ಅಲ್ಲಿ ಈಗ ಬೇರೆಯವರ ಕಟ್ಟಡ. ಬಾಯಲ್ಲಿನ ಬೇರು ನಾರಾಗಿದೆ, ಸಿಹಿ ಮಾತ್ರ ಇನ್ನೂ ಬಿಟ್ಟಿಲ್ಲ. ಇಷ್ಟು ಬರೆದ ಮೇಲೆ ನೋಡುತ್ತೇನೆ, ಅವರ ಹೆಸರನ್ನು ನಾನು ಎಲ್ಲಿಯೂ ಬರೆದಿಲ್ಲ. ತಾವಾಗಿ ಹೇಳಿಕೊಳ್ಳುವುದು ಅವರಿಗೆ ಸೇರುತ್ತಿರಲಿಲ್ಲ. ಯಾರಾದರೂ ಕೇಳಿದರೆ ಹೇಳೋಣವೆಂದು ಕೂತಿದ್ದೇನೆ.