ಅಲಮೇಲುವಿನ ಶಿವರಾಯಿ

ಬ್ಯಾಂಕಿನ ಕೆಲಸ ಬಿಟ್ಟ ಮೇಲೆ ಹೆಂಗಸರು ಭಜನಾ ಮಂಡಳಿಗೆ ಸೇರುತ್ತಾರೆ, ಯೋಗಕ್ಕೆ ಹೋಗುತ್ತಾರೆ. ಮೈಸೂರಿನಿಂದ ಬಂದು ಮುಂಬಯಿ ಪಕ್ಕದ ಡೊಂಬಿವಲಿಯಲ್ಲೇ ತಲೆ ನರೆಸಿಕೊಂಡ ಅಲಮೇಲು ಮಾತ್ರ ಲೋಹ ಹುಡುಕುವ ಯಂತ್ರವೊಂದನ್ನು ಕೊಂಡಳು. ಭಾನುವಾರ ಬೆಳಿಗ್ಗೆ ಅದನ್ನು ಮಗನ ಹಳೆಯ ಕ್ರಿಕೆಟ್ ಚೀಲದಲ್ಲಿ ತುರುಕಿ, ಲೋಕಲ್ ಹತ್ತಿ, ಕಲ್ಯಾಣದ ಖಾಡಿಗೆ, ಸಮುದ್ರದ ಹಿನ್ನೀರಿನ ದಂಡೆಗೆ, ಹೋಗುವಳು. ನೀರಿಳಿದ ಕೆಸರಿನ ಮೇಲೆ ಯಂತ್ರವನ್ನು ತೊಟ್ಟಿಲಿನಂತೆ ತೂಗುತ್ತ ನಡೆಯುವಳು. ಅದು ಕುಂಯ್ ಎಂದಲ್ಲಿ ಕುಕ್ಕರುಗಾಲಲ್ಲಿ ಕೂತು ಕೆದಕುವಳು. ಸಿಗುತ್ತಿದ್ದುದು ಮೊಳೆ, ಮುಚ್ಚಳ, ಯಾರೋ ಕೈಮುಗಿದು ನೀರಿಗೆಸೆದ ಚಿಲ್ಲರೆ.

"ಏನ್ ಮೇಡಂ, ಇವತ್ತು ಎಷ್ಟು ಮುಚ್ಚಳ?" ಗಂಡ ರಮಾಕಾಂತ ಪೇಪರಿನ ಹಿಂದಿನಿಂದ ಕೇಳುತ್ತಿದ್ದ. "ನಿಧಿ ಸಿಕ್ಕಿದ ದಿನ ಹೇಳು, ಥಾಣೆಯಲ್ಲೊಂದು ಟವರ್ ಕಟ್ಸೋಣ."

ಅವಳು ಕಾಲಿನ ಕೆಸರು ತೊಳೆಯಲು ಹೋಗುತ್ತಿದ್ದಳು.

ಥಾಣೆಯಲ್ಲಿ ನಾಣ್ಯ ಸಂಗ್ರಾಹಕರ ಸಂಘವೊಂದಿತ್ತು. ತಂದ ನಾಣ್ಯವನ್ನು ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಅದನ್ನು ಹುಡುಕಿದವರ ಹೆಸರಿನ ಚೀಟಿ ಇಡುವುದು ಅಲ್ಲಿಯ ಪದ್ಧತಿ. ಅವಳು ಮೊದಲ ಸಲ ಹೋದಾಗ ಕಾರ್ಯದರ್ಶಿ, "ಮಿಸ್ಟರ್ ಕಾ ಕಲೆಕ್ಷನ್ ಹೈ?" ಎಂದ. "ನಹೀ, ಮೇರಾ." ಅವನು ನಕ್ಕು ಚೀಟಿಯ ಮೇಲೆ "ಸೌ. ರಮಾಕಾಂತ" ಎಂದು ಬರೆದ. ಆ ಸೌಭಾಗ್ಯವತಿಯನ್ನು ನೋಡುತ್ತ ಅಲಮೇಲು ಅಂದುಕೊಂಡಳು: ಯಾರೂ ಗಂಡನದಾ ಎಂದು ಕೇಳಲಾಗದಂಥದ್ದು ಒಂದೇ ಒಂದು ಸಿಗಲಿ.

ಆಷಾಢದಲ್ಲಿ ಮಳೆ ಬಿಡುವು ಕೊಟ್ಟ ಬೆಳಿಗ್ಗೆ ಅದು ಸಿಕ್ಕಿತು. ಮರಾಠರ ಕಾಲದ ತಾಮ್ರದ ನಾಣ್ಯ, ಶಿವರಾಯಿ. ಮೈಯೆಲ್ಲ ಹಸಿರು ಕಿಲುಬು. ಬೆಳಕಿಗೆ ಓರೆಯಾಗಿ ಹಿಡಿದರೆ ಕಿಲುಬಿನೊಳಗಿಂದ ಒಂದು 'ಶ್ರೀ' ಎದ್ದು ಬರುತ್ತಿತ್ತು. ಅದರ ಕೆಳಗೆ, ಅವಳು ಯಾವ ಪುಸ್ತಕದಲ್ಲೂ ಕಾಣದ ಒಂದು ವಕ್ರ ಅಕ್ಷರ. ಹಬ್ಬ ಕಳೆದ ಮೇಲಿನ ಸಭೆಯಲ್ಲಿ ಸಂಘದವರು ಓದಬಲ್ಲರೇನೋ.

ಅಂದು ಊಟಕ್ಕೆ ಕೂತಾಗ ಹೇಳಿದಳು: "ಇದರ ಕಿಲುಬು ತೆಗೀಬಾರದು ರೀ. ತಾಮ್ರ ಯಾವತ್ತೋ ಸವೆದು ಹೋಗಿದೆ, ಅಕ್ಷರ ಉಳಿದಿರೋದೇ ಆ ಕಿಲುಬಿನಲ್ಲಿ."

"ಹ್ಞೂಂ," ಎಂದ ರಮಾಕಾಂತ, ಫೋನಿನಿಂದ ಕಣ್ಣೆತ್ತದೆ.

ಹತ್ತಿಯಲ್ಲಿ ಸುತ್ತಿ, ಕುಂಕುಮದ ಡಬ್ಬಿಯಲ್ಲಿಟ್ಟು, ಅದನ್ನು ದೇವರ ಗೂಡಿನಲ್ಲಿ ಇಟ್ಟಳು. ಮನೆಯಲ್ಲಿ ಅದಕ್ಕಿಂತ ಭದ್ರವಾದ ಜಾಗ ಅವಳಿಗೆ ತೋಚಲಿಲ್ಲ.

ಹಬ್ಬಕ್ಕೆ ದೇವರ ಸಾಮಾನು ಬೆಳಗುವುದು ಆ ಮನೆಯಲ್ಲಿ ಗಂಡನ ಕೆಲಸ. ಅದರಲ್ಲಿ ಅವನಿಗೆ ಹೆಮ್ಮೆಯೂ ಇತ್ತು. ವರಮಹಾಲಕ್ಷ್ಮಿಯ ಬೆಳಿಗ್ಗೆ ಅವಳು ಬಾಗಿಲಿಗೆ ರಂಗೋಲಿ ಹಾಕಿ ಒಳಗೆ ಬಂದರೆ, ಕಲಶದ ಮುಂದಿನ ಬೆಳ್ಳಿ ತಟ್ಟೆಯಲ್ಲಿ ಶಿವರಾಯಿ ಕೆಂಡದ ಹಾಗೆ ಹೊಳೆಯುತ್ತಿತ್ತು.

"ನೋಡು ನಿನ್ನ ನಿಧಿ! ಲಕ್ಷ್ಮಿ ಮುಂದೆ ಹಾಗೆ ಕಿಲುಬು ಹಿಡಿದದ್ದು ಇಡೋಕಾಗತ್ತಾ? ಹುಣಸೆಹಣ್ಣು, ಉಪ್ಪು ಹಾಕಿ ಬೆರಳು ನೋಯೋ ಹಾಗೆ ತಿಕ್ಕಿದೀನಿ."

ಅವಳು ಕಿಟಕಿಗೆ ಒಯ್ದು ಓರೆಯಾಗಿ ಹಿಡಿದಳು. ಎಲ್ಲ ಕಡೆಯೂ ನುಣುಪು.

"ನಾನು ಹೇಳಿದ್ದೆನಲ್ಲರೀ."

"ಏನು? ಯಾವಾಗ?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಬೇಕೆಂದೇ ಮಾಡಿದ್ದರೆ ಕೂಗಾಡಬಹುದಿತ್ತು.

ಸಂಜೆ ಅರಿಶಿನ ಕುಂಕುಮಕ್ಕೆ ಬಂದ ಪಕ್ಕದ ಮನೆಯ ಮಾಲಾ, "ಚಿನ್ನದ್ದಾ ಆಂಟಿ?" ಎಂದಳು. "ತಾಮ್ರ. ನಮ್ಮ ಅಲಮೇಲು ಹುಡುಕಿದ್ದು!" ಎಂದ ರಮಾಕಾಂತ. ನಾಲ್ಕು ಜನರೆದುರು ಅವಳ ಹೆಸರನ್ನು ಅವನು ಹಾಗೆ ಎತ್ತಿ ಆಡಿದ್ದು ಅದೇ ಮೊದಲು. ಅಲಮೇಲು ತಾಂಬೂಲ ಕೊಟ್ಟಳು, ನಕ್ಕಳು ಕೂಡ.

ಆದರೂ ಸಭೆಯ ದಿನ ಥಾಣೆಗೆ ಹೋದಳು. ಕಾರ್ಯದರ್ಶಿ ಭೂತಗನ್ನಡಿ ಹಿಡಿದು ನಾಣ್ಯವನ್ನು ಮಗುಚಿ ಮಗುಚಿ ನೋಡಿ, "ಕಿಸ್ನೇ ಧೋಯಾ?" ಎಂದ.

ಗಂಡ ತೊಳೆದ ಎಂದರೆ ಸಭೆ ಒಮ್ಮೆ ನಗುತ್ತಿತ್ತು, ಅವಳ ಮೇಲೆ ಕನಿಕರವನ್ನೂ ಪಡುತ್ತಿತ್ತು. ಆಮೇಲೆ ಮಾತೆಲ್ಲ ರಮಾಕಾಂತನದೇ. ನಾಣ್ಯವೂ.

"ಮೈಂನೇ," ತಾನೇ ತೊಳೆದದ್ದು ಎಂದಳು.

"ಇತ್ನಾ ಭೀ ನಹೀ ಮಾಲೂಮ್, ಭಾಭೀಜೀ?" ಇಷ್ಟೂ ತಿಳಿಯದೇ ಎಂದು ಅವನು ಲೊಚಗುಟ್ಟಿದ. ಅವನು ಪೆನ್ನು ತೆಗೆಯುವ ಮೊದಲೇ ಅವಳು ಚೀಟಿ ಎಳೆದುಕೊಂಡು ತಾನೇ ಬರೆದಳು: ಅಲಮೇಲು. ಮಧ್ಯಾಹ್ನದವರೆಗೂ ಆ ಮೇಜಿನ ಬಳಿ ಯಾರೂ ನಿಲ್ಲಲಿಲ್ಲ.

ಮನೆಗೆ ಬಂದಾಗ ರಮಾಕಾಂತ ಬಾಗಿಲಲ್ಲೇ ಕಾದಿದ್ದ. "ಏನಂದ್ರು?"

"ಹೊಳಪು ಚೆನ್ನಾಗಿದೆ ಅಂದ್ರು."

"ನಾನು ಹೇಳ್ಲಿಲ್ವಾ!" ಎಂದ ಅವನು.